ಕಿರಿಯ ಉಗಿಬಂಡಿಯ ನಾಡಿ

ಚಿಕ್ಕದಾಗಿ ಕಂಡದ್ದೆಲ್ಲ ಆಟಿಕೆಯಾಗಿರಬೇಕೆಂಬ ನಿಯಮವಿಲ್ಲ. ಎರಡೂವರೆ ಅಂಗುಲ ಅಂತರದ ಕಂಬಿಗಳ ಮೇಲೆ ಓಡತಕ್ಕ ಉಗಿಯಂತ್ರಗಳನ್ನು ಇಂಗ್ಲೆಂಡಿನ ಹವ್ಯಾಸಿಗಳು ಮನೆಯಲ್ಲಿಯೇ ಕಟ್ಟುವುದುಂಟು. ಅಂಥದನ್ನು ಎತ್ತಿ ಮೇಜಿನ ಮೇಲಿಡಬಹುದು; ಆದರೆ ಅದರ ಒಡಲಿನಲ್ಲಿ ಉರಿಯುವುದು ನಿಜವಾದ ಕಲ್ಲಿದ್ದಲು, ಕುದಿಯುವುದು ನಿಜವಾದ ನೀರು. ಇಷ್ಟು ಕಿರಿದಾದ ಬಾಯ್ಲರಿನಲ್ಲಿ ಕಲ್ಲಿದ್ದಲಿನ ಬೆಂಕಿ ನಿಲ್ಲಲಾರದು, ಸ್ಪಿರಿಟ್ಟಿನ ದೀಪವೇ ಗತಿಯೆಂದು ಬಲ್ಲವರೇ ಹೇಳುತ್ತಿದ್ದ ಕಾಲವೊಂದಿತ್ತು. ೧೯೨೪ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ, 'ಎಲ್.ಬಿ.ಎಸ್.ಸಿ.' ಎಂಬ ಅಂಕಿತದಿಂದ ಬರೆಯುತ್ತಿದ್ದ ಲಾರೆನ್ಸ್ ಎಂಬಾತನ 'ಆಯೇಷಾ' ಎಂಬ ಯಂತ್ರವು ಕಲ್ಲಿದ್ದಲನ್ನೇ ಉಂಡು, ದೊಡ್ಡ ಆಳುಗಳನ್ನು ಎಳೆದು, ಆ ವಾದಕ್ಕೆ ಉತ್ತರವಿತ್ತಿತು. ಆತನು 'ಮಾಡೆಲ್ ಎಂಜಿನಿಯರ್' ಪತ್ರಿಕೆಯಲ್ಲಿ ಹತ್ತಾರು ವರ್ಷ ಬರೆದ ಲೇಖನಗಳಿಂದ ಮನೆಯ ಮೂಲೆಯಲ್ಲಿ ಲೇತು ಇಟ್ಟುಕೊಂಡ ಸಾಮಾನ್ಯರಿಗೂ ಈ ವಿದ್ಯೆ ಕೈವಶವಾಯಿತು.

ಹೀಗೆ ಕಲಿತ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಬಹುದು. ನಾಲ್ಕು ವರ್ಷಗಳ ಚಳಿಗಾಲದ ಸಂಜೆಗಳನ್ನು ತೆತ್ತು ಆತನು ಯಂತ್ರವನ್ನು ಮುಗಿಸಿದ್ದಾನೆ. ಮೊದಲ ದಿನವೇ ಅದು ಹಿತ್ತಿಲಿನ ದಾರಿಯಲ್ಲಿ ಅರ್ಧ ಸುತ್ತು ಓಡಿ ನಿಂತಿದೆ. ಹೊರಟಾಗ ೮೦ ಪೌಂಡು ತೋರುತ್ತಿದ್ದ ಒತ್ತಡದ ಮುಳ್ಳು ೩೦ಕ್ಕೆ ಇಳಿದಿದೆ. ಸದ್ದಿನಲ್ಲಿಯೂ ಒಂದು ಕುಂಟು. ಬಾಯ್ಲರೇ ಕೆಟ್ಟದ್ದು, ಕತ್ತರಿಸಿ ಬೇರೆ ಮಾಡಬೇಕೆಂದು ಆತನ ಕೈ ತುರಿಸುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಆ ದೇಶದಲ್ಲಿ ಇಲ್ಲದಿದ್ದರೂ ಆ ಬುದ್ಧಿ ಎಲ್ಲ ದೇಶಗಳಲ್ಲಿಯೂ ಉಂಟು.

ದೊಡ್ಡ ಯಂತ್ರವು ಸೈರಿಸಿಕೊಳ್ಳುವ ತಪ್ಪನ್ನು ಚಿಕ್ಕದು ಸೈರಿಸದು. ಕಾರಣವು ಬರಿಯ ಗಣಿತ. ಅಳತೆಯನ್ನು ೨೦ರಲ್ಲೊಂದು ಪಾಲಿಗೆ ಇಳಿಸಿದರೆ ಮೈಯ ವಿಸ್ತಾರ ೪೦೦ರಲ್ಲೊಂದು ಪಾಲಾಗುತ್ತದೆ, ಒಳಗಿನ ನೀರು ೮,೦೦೦ದಲ್ಲೊಂದು ಪಾಲಾಗುತ್ತದೆ. ಎಂದರೆ ನೀರಿನ ಮೊತ್ತಕ್ಕೆ ಹೋಲಿಸಿದಾಗ ಬಿಸಿಯನ್ನು ಸೋರಬಿಡುವ ಮೈ ೨೦ ಪಟ್ಟು ಹೆಚ್ಚು. ಬೆಂಕಿ ಒಂದು ಗಳಿಗೆ ಸೊರಗಿದರೂ ಉಗಿ ತಣಿಯುತ್ತದೆ. ಆ ಬೆಂಕಿಗೆ ಗಾಳಿಯನ್ನು ಒದಗಿಸುವುದು ಯಂತ್ರದ ಉಸಿರೇ: ಸಿಲಿಂಡರಿನಲ್ಲಿ ದುಡಿದು ಹೊರಬಿದ್ದ ಉಗಿಯು ಸಣ್ಣ ಮೂತಿಯೊಂದರಿಂದ ಚಿಮ್ಮಿ, ಚಿಮಣಿಯಲ್ಲಿ ಮೇಲೇರುತ್ತ, ಹೊಗೆಯನ್ನು ಸೆಳೆದೊಯ್ಯುತ್ತದೆ, ಆ ಸೆಳೆತದಿಂದ ಕೆಳಗಡೆ ಬೆಂಕಿಗೆ ಹೊಸ ಗಾಳಿ ನುಗ್ಗುತ್ತದೆ. ಯಂತ್ರವು ನಿಂತಿರುವಾಗ ಈ ಉಸಿರಿಲ್ಲ. ಆಗ 'ಬ್ಲೋವರ್' ಎಂಬ ಬೇರೊಂದು ಕಿರುಕೊಳವೆಯು ಬಾಯ್ಲರಿನ ಉಗಿಯನ್ನೇ ಚಿಮಣಿಯೊಳಕ್ಕೆ ಊದುತ್ತದೆ.

ಇಲ್ಲಿ ತಾರ್ಕಿಕರ ಅನ್ವಯವ್ಯತಿರೇಕವೇ ಸಾಕು. ಯಂತ್ರವನ್ನು ನಿಲ್ಲಿಸಿ ಬ್ಲೋವರ್ ತೆರೆದರೆ ಮುಳ್ಳು ಏರುತ್ತದೆ, ಓಡಿಸಿದರೆ ಇಳಿಯುತ್ತದೆ. ಆದಕಾರಣ ಬಾಯ್ಲರಿನ ಮೇಲೆ ಅಪವಾದ ಸಲ್ಲದು. ಹೊಗೆಗೂಡಿನ ಬಾಗಿಲಲ್ಲಿ ಗಾಳಿ ಸೋರುತ್ತಿದ್ದರೆ ನಿಂತಾಗಲೂ ಏರಿಕೆ ಮಂದವಾಗಿರಬೇಕಿತ್ತು. ಪಿಸ್ಟನ್ನಿನ ಸುತ್ತ ಉಗಿ ನುಸುಳುತ್ತಿದ್ದರೆ ಚಿಮಣಿಯಲ್ಲಿ ಎಡೆಬಿಡದ ಬುಸುಗುಟ್ಟುವಿಕೆ ಕೇಳಿಸಬೇಕು, ಅದೂ ಇಲ್ಲ. ಉಳಿದದ್ದು ಓಡುವಾಗ ಮಾತ್ರ ಕೆಲಸಮಾಡುವ ಆ ಮೂತಿ. ನೆಟ್ಟನೆಯ ಕಡ್ಡಿಯೊಂದನ್ನು ಮೂತಿಯಲ್ಲಿ ನಿಲ್ಲಿಸಿ ನೋಡಿದರೆ ಅದರ ತುದಿ ಚಿಮಣಿಯ ನಡುವಿನಲ್ಲಿರದೆ ಎಳ್ಳಿನಗಲದಷ್ಟು ಪಕ್ಕಕ್ಕೆ ವಾಲಿದೆ. ಉಗಿಯೆಲ್ಲ ಚಿಮಣಿಯ ಒಂದು ಗೋಡೆಗೆ ಬಡಿದು ಸೆಳೆತವೇ ಹುಟ್ಟುತ್ತಿರಲಿಲ್ಲ. ನಾಲ್ಕು ವರ್ಷದ ಶ್ರಮವನ್ನು ಗರಗಸಕ್ಕೆ ಒಪ್ಪಿಸಲಿದ್ದುದು ಇಷ್ಟಕ್ಕಾಗಿ!

ಸದ್ದಿನ ಕುಂಟಿನ ಮಾತು ಬೇರೆ. ಎರಡು ಸಿಲಿಂಡರಿನ ಯಂತ್ರವು ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಉಸಿರು ಬಿಡಬೇಕು, ನಾಲ್ಕೂ ಸಮವಾಗಿರಬೇಕು. ಒಂದು ಕ್ಷೀಣವಾದರೆ ಕವಾಟವು ಸಿಲಿಂಡರಿನ ಒಂದು ಕೊನೆಗೆ ಹೆಚ್ಚು, ಮತ್ತೊಂದಕ್ಕೆ ಕಡಮೆ ತೆರೆಯುತ್ತಿದೆಯೆಂದು ಶಂಕಿಸಬೇಕು. ಆದರೆ ಮೂತಿಯನ್ನೂ ಕವಾಟವನ್ನೂ ಒಟ್ಟಿಗೆ ತಿದ್ದತಕ್ಕದ್ದಲ್ಲ. ಒಂದೇ ದಿನ ಹತ್ತು ಮದ್ದು ಕೊಟ್ಟ ವೈದ್ಯನಿಗೆ ಯಾವುದರಿಂದ ಜ್ವರವಿಳಿಯಿತೆಂಬುದು ತಿಳಿಯುವುದೆಂತು?

ಒಂದು ವಿಷಯದಲ್ಲಿ ಮಾತ್ರ ತಾಳ್ಮೆಗೆ ಎಡೆಯಿಲ್ಲ. ನೀರಿನ ಮಟ್ಟವನ್ನು ತೋರುವ ಗಾಜಿನ ಕೊಳವೆ ಬಹು ಸಪುರವಾದ್ದರಿಂದ ಗುಳ್ಳೆ ಸಿಕ್ಕಿಕೊಂಡು, ಇಲ್ಲದ ನೀರನ್ನು ಇದೆಯೆಂದು ತೋರೀತು. ಅದನ್ನು ನಂಬಿ, ಬೆಂಕಿಗೂಡಿನ ನೆತ್ತಿ ಬರಿದಾಗುವಂತೆ ಬಿಟ್ಟರೆ ತಾಮ್ರವು ಸುಟ್ಟು ಮೆತ್ತಗಾಗುತ್ತದೆ. ಒಳಗಿನ ಉಗಿಯು ಅದು ಚಿಕ್ಕ ಯಂತ್ರವೆಂದು ದಯೆ ತೋರುವುದಿಲ್ಲ. ಗಾಜಿನ ಕೆಳಗಣ ನಲ್ಲಿಯನ್ನು ಆಗಾಗ್ಗೆ ತೆರೆದು ಮುಚ್ಚಿ, ನೀರು ಚುರುಕಾಗಿ ತನ್ನ ಮಟ್ಟಕ್ಕೆ ಏರುವುದೇ ಎಂದು ನೋಡಬೇಕು. ಸಂಶಯವಿದ್ದರೆ ಬೆಂಕಿಯನ್ನು ಕೆಡವಬೇಕು, ಮರ್ಯಾದೆ ಹೋದರೂ ಸರಿಯೆ.

ಮೂತಿಯನ್ನು ನೆಟ್ಟಗೆ ಮಾಡಿದ ಗೃಹಸ್ಥನು ಮತ್ತೆ ಬೆಂಕಿ ಹೊತ್ತಿಸಿ, ಗಾಜನ್ನು ಪರೀಕ್ಷಿಸಿ, ಹಿಂದಿನ ಪುಟ್ಟ ಬಂಡಿಯ ಮೇಲೆ ಕುಳಿತನು. ಮೂರು ಸುತ್ತಾದರೂ ಮುಳ್ಳು ಕದಲಲಿಲ್ಲ. ನಾಲ್ಕನೆಯದರಲ್ಲಿ ಹೆಚ್ಚಿದ ಉಗಿಯಿಂದ ರಕ್ಷಣಾ ಕವಾಟವು ತಾನಾಗಿ ತೆರೆದು ಸಿಳ್ಳಿಟ್ಟಿತು. ಕುಂಟು ಹಾಗೆಯೇ ಇತ್ತು. ಅದನ್ನು ಮುಂದಿನ ಭಾನುವಾರಕ್ಕೆ ಬಿಟ್ಟು ಆತನು ಐದನೆಯ ಸುತ್ತಿಗೆ ಹೊರಟನು.