ಅಪ್ಪ ಕರೆದಾಗ ಓಗೊಟ್ಟದ್ದು ಮಿಕ್ಸಿ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಅಪ್ಪ ಮಂಚದಿಂದ ಏಳಲು ಹೋಗಿ ಬಿದ್ದರು. ಅವರಿಗೆ ಪಾರ್ಶ್ವವಾಯು ಆಗಿ ಆಗ ಐದು ತಿಂಗಳು. ಎಡಗೈ, ಎಡಗಾಲು ಇನ್ನೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ಕಾಲದಲ್ಲಿ ಅಂಗಳದಲ್ಲಿ ನಿಂತು ಕೂಗಿದರೆ ತೋಟದ ಆಚೆ ಬದಿಯ ಕೆಲಸದವರಿಗೆ ಮುಟ್ಟುತ್ತಿದ್ದ ಧ್ವನಿ ಈಗ ಕೋಣೆಯ ಬಾಗಿಲು ದಾಟುವುದೂ ಕಷ್ಟ. ಬಿದ್ದಲ್ಲಿಂದಲೇ ಅಮ್ಮನನ್ನು ಕರೆದಿದ್ದಾರೆ. ಅಮ್ಮ ಅಡುಗೆಮನೆಯಲ್ಲಿ ಸಾಂಬಾರಿಗೆ ಕಾಯಿ ಕಡೆಯುತ್ತಿದ್ದಳು. ಹಿಂದಿನ ಜಗಲಿಯಲ್ಲಿ ವಾಷಿಂಗ್ ಮೆಷಿನ್ ಬಟ್ಟೆ ಹಿಂಡುತ್ತಿತ್ತು. ಮೇಲೆ ಮಳೆ. ಎಲ್ಲ ಮುಗಿಸಿ ಚಹಾ ತೆಗೆದುಕೊಂಡು ಕೋಣೆಗೆ ಹೋದಾಗಲೇ ಅವಳಿಗೆ ಗೊತ್ತಾದದ್ದು. ಅಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು.

ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ. ರಾತ್ರಿ ಫೋನಿನಲ್ಲಿ ಅಪ್ಪನೇ ನಗುತ್ತ ಹೇಳಿದರು, "ನಾನು ಕರೆದೆ ಮಾರಾಯ್ತಿ. ಮಿಕ್ಸಿ ಓ ಅಂತು."

ಅಮ್ಮ ನಗಲಿಲ್ಲ. ನನಗೂ ನಗು ಬರಲಿಲ್ಲ. ಯಾಕೆಂದರೆ ಆ ಎರಡೂ ಯಂತ್ರಗಳನ್ನು ಕೊಡಿಸಿದವಳು ನಾನು. ಅದರ ಹಿಂದಿನ ದೀಪಾವಳಿಗೆ ಬೆಂಗಳೂರಿನಲ್ಲಿ ಕೂತು, ಮೊಬೈಲಿನಲ್ಲಿ ರಿಯಾಯಿತಿ ನೋಡಿ, ಒಂದೇ ರಾತ್ರಿಯಲ್ಲಿ ಆರ್ಡರ್ ಮಾಡಿದ್ದೆ. ಮಿಕ್ಸಿ ಆರಿಸುವಾಗ ನೋಡಿದ್ದು ವ್ಯಾಟ್ ಎಷ್ಟು ಎಂದು ಮಾತ್ರ. ವಾಷಿಂಗ್ ಮೆಷಿನ್ನಿಗೆ ನೋಡಿದ್ದು ಎಷ್ಟು ಕಿಲೋ ಬಟ್ಟೆ, ಎಷ್ಟು ಸ್ಟಾರ್ ಎಂದು. ಶಬ್ದದ ವಿಚಾರ ತಲೆಗೇ ಬರಲಿಲ್ಲ. ನೀವೇ ಹೇಳಿ, ನಮ್ಮಲ್ಲಿ ಎಷ್ಟು ಜನ ಮಿಕ್ಸಿ ಕೊಳ್ಳುವಾಗ "ಇದು ಎಷ್ಟು ಕಿರಿಚುತ್ತದೆ" ಎಂದು ಕೇಳಿದ್ದೇವೆ?

ಕೇಳಿದರೂ ಉತ್ತರ ಸಿಗುವುದು ಸುಲಭವಲ್ಲ. ಸ್ಟಾರಿನ ಚೀಟಿ ಹೇಳುವುದು ಕರೆಂಟಿನ ಲೆಕ್ಕವನ್ನು, ಸದ್ದಿನದ್ದನ್ನಲ್ಲ. ಯುರೋಪಿನಲ್ಲಿ 2021ರಿಂದ ವಾಷಿಂಗ್ ಮೆಷಿನ್ನಿನ ಚೀಟಿಯಲ್ಲೇ ಬಟ್ಟೆ ಹಿಂಡುವಾಗ ಎಷ್ಟು ಡೆಸಿಬಲ್ ಎಂದು ಬರೆದು, ಅದಕ್ಕೊಂದು ದರ್ಜೆಯನ್ನೂ ಕೊಡುತ್ತಾರೆ. ಡೆಸಿಬಲ್ಲಿನ ಲೆಕ್ಕ ಸ್ವಲ್ಪ ಮೋಸದ್ದು. 70 ಮತ್ತು 80ರ ನಡುವೆ ದೊಡ್ಡ ವ್ಯತ್ಯಾಸವಿಲ್ಲ ಅನಿಸುತ್ತದೆ. ಆದರೆ ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ.

ವಾರದ ರಜೆ ಹಾಕಿ ಊರಿಗೆ ಹೋದೆ. ನಮ್ಮ ಪರೀಕ್ಷೆಗೆ ಮೀಟರ್ ಬೇಕಾಗಲಿಲ್ಲ, ಅಪ್ಪನ ಧ್ವನಿಯೇ ಸಾಕಾಯಿತು. ಅವರು ಮಂಚದಿಂದ ಕರೆಯುವುದು, ನಾನು ಅಡುಗೆಮನೆಯಲ್ಲಿ ನಿಂತು ಕೇಳುವುದು. ಫ್ರಿಜ್ ಮಾತ್ರ ಇದ್ದಾಗ ಕೇಳಿತು. ಮೆಷಿನ್ ಬಟ್ಟೆ ತಿರುಗಿಸುವಾಗಲೂ ಕೇಳಿತು. ಹಿಂಡಲು ಶುರುವಾದ ಕೂಡಲೇ ಅಪ್ಪ ಮಾಯ. ಮಿಕ್ಸಿ ಒಂದನೇ ನಂಬರಿಗೆ ಇಟ್ಟಾಗಲೇ ಮಾಯ. ಅಪ್ಪನಿಗೆ ಇದು ಆಟದಂತಾಗಿ, ಕೊನೆಗೆ "ಓ ಮೇಡಂ, ರಿಪೋರ್ಟು ಬರೆದಾಯ್ತಾ?" ಎಂದು ಕರೆದರಂತೆ. ಅದೂ ನನಗೆ ಕೇಳಲಿಲ್ಲ, ಅಮ್ಮ ಬಂದು ಹೇಳಿದ್ದು.

ಮರುದಿನ ಪೇಟೆಗೆ ಹೋದೆ. ಹೋದದ್ದು ಅಂಗಡಿಗಲ್ಲ, ರಿಪೇರಿಯವರ ಹತ್ತಿರ. ಪತ್ರಿಕೋದ್ಯಮ ಓದುವಾಗ ಹಳ್ಳಿಗಳಿಗೆ ಹೋಗಿ ಕಲಿತ ಒಂದು ಪಾಠ ಇದು. ಯೋಜನೆ ಹೇಗಿದೆ ಎಂದು ಅದನ್ನು ಕೊಟ್ಟವರನ್ನು ಕೇಳಬಾರದು, ಅದು ಕೆಟ್ಟಾಗ ಸರಿ ಮಾಡುವವರನ್ನು ಕೇಳಬೇಕು. ಅವರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಮಿಕ್ಸಿಗಳ ಸಾಲು, ಸುಟ್ಟ ವೈಂಡಿಂಗಿನ ವಾಸನೆ. ಒಂದು ಮೋಟರು ಎತ್ತಿ ತೋರಿಸಿದರು. ಬೆರಳ ತುದಿಯಷ್ಟು ಇದ್ದಿಲ ತುಂಡು, ಅದೇ ಕಾರ್ಬನ್ ಬ್ರಷ್. ತಿರುಗುವ ಲೋಹಕ್ಕೆ ಅದು ಒತ್ತಿಕೊಂಡೇ ಇರುತ್ತದೆ. ನಿಮಿಷಕ್ಕೆ ಹದಿನೆಂಟು, ಇಪ್ಪತ್ತು ಸಾವಿರ ಸುತ್ತಿನ ಲೆಕ್ಕದಲ್ಲಿ ತಿರುಗುವ ಮೋಟರು, ಅದನ್ನು ತಂಪು ಮಾಡುವ ಫ್ಯಾನು, ಕೆಳಗೆ ಪ್ಲಾಸ್ಟಿಕ್ಕಿನ ಡಬ್ಬ. ಕಿರಿಚದೆ ಏನು ಮಾಡೀತು?

ಮಿಕ್ಸಿ ಹುಟ್ಟಿದ್ದೂ ಶಾಂತಿಗಾಗಿ ಅಲ್ಲ. 1960ರ ದಶಕದಲ್ಲಿ ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ 'ಸುಮೀತ್' ಮಾಡಿದ್ದು, ಹೆಂಡತಿಯ ಜರ್ಮನ್ ಮಿಕ್ಸರ್ ನಮ್ಮ ಅಡುಗೆಯ ಅರೆತ ತಾಳದೆ ಕೆಟ್ಟದ್ದರಿಂದ. ತೆಂಗಿನಕಾಯಿ, ನೆನೆಸಿದ ಉದ್ದು, ಒಣಮೆಣಸು ಎಲ್ಲವನ್ನೂ ತಾಳಿಕೊಳ್ಳುವ ಗಟ್ಟಿ ಮೋಟರು ಬೇಕಿತ್ತು, ಸಿಕ್ಕಿತು. ಸದ್ದು ಕಡಿಮೆ ಮಾಡಿ ಎಂದು ನಾವು ಕೇಳಲೂ ಇಲ್ಲ.

"ಬ್ರಷ್ ಇಲ್ಲದ ಬಿಎಲ್‌ಡಿಸಿ ಮಿಕ್ಸಿ ಬಂದಿದೆಯಲ್ಲ?" ಎಂದೆ. "ಉಂಟು. ಸದ್ದು ಕಡಿಮೆಯೇ. ಆದ್ರೆ ಬ್ಲೇಡಿನ ಸದ್ದು ಎಲ್ಲಿಗೆ ಹೋಗ್ತದೆ? ಮತ್ತೆ ಅದರ ಹೊಟ್ಟೆಯಲ್ಲಿ ಇರುದು ಬೋರ್ಡು. ಸಿಡಿಲಿಗೆ ಹೋದ್ರೆ ನನ್ನ ಹತ್ರ ಇಲ್ಲ, ಮಂಗಳೂರಿಂದ ಬರ್ಬೇಕು. ಅಲ್ಲಿವರೆಗೆ ನಿಮ್ಮ ಅಮ್ಮ ಎಂತ ಮಾಡುದು?" ಎಂದರು. ಅಲ್ಲಿ ನನಗೆ ಒಂದು ವಿಷಯ ಹೊಳೆಯಿತು. ನಂಬಿಕೆಯ ಯಂತ್ರ ಎಂದರೆ ಕೆಡದ ಯಂತ್ರವಲ್ಲ, ಅಂಥದ್ದು ಎಲ್ಲೂ ಇಲ್ಲ. ಕೆಟ್ಟರೆ ನಮ್ಮ ಪೇಟೆಯಲ್ಲೇ ಸರಿಯಾಗುವ ಯಂತ್ರ. ವೋಲ್ಟೇಜು ಸಂಜೆಗೆ ಇಳಿಯುವ, ಮೇ ತಿಂಗಳಲ್ಲಿ ಸಿಡಿಲು ಕುಣಿಯುವ ಊರಿನಲ್ಲಿ ಜಾಹೀರಾತಿನ ಹತ್ತು ವರ್ಷದ ವಾರಂಟಿಗಿಂತ ನಾಲ್ಕು ಕಿಲೋಮೀಟರ್ ದೂರದ ಈ ಮೇಜು ದೊಡ್ಡದು.

ಸಂಜೆ ಅವರೇ ಮನೆಗೆ ಬಂದರು. ವಾಷಿಂಗ್ ಮೆಷಿನ್ನಿನ ಹಿಂದೆ ಟಾರ್ಚ್ ಬಿಟ್ಟು ನೋಡಿ, "ಅಮ್ಮಾ, ಇದರ ಬೋಲ್ಟ್ ತೆಗೀಲೇ ಇಲ್ವಲ್ಲ!" ಎಂದರು. ಮುಂದೆ ಬಾಗಿಲಿರುವ ಮೆಷಿನ್ನುಗಳನ್ನು ಲಾರಿಯಲ್ಲಿ ತರುವಾಗ ಒಳಗಿನ ಡ್ರಮ್ ಅಲ್ಲಾಡದ ಹಾಗೆ ಹಿಂದಿನಿಂದ ಉದ್ದದ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಓಡಿಸುವ ಮೊದಲು ಅವನ್ನು ತೆಗೆಯಬೇಕು, ಆಗ ಡ್ರಮ್ ಸ್ಪ್ರಿಂಗಿನಲ್ಲಿ ತೂಗಾಡುತ್ತ ಅದುರನ್ನು ತಾನೇ ನುಂಗಿಕೊಳ್ಳುತ್ತದೆ. ತೆಗೆಯದಿದ್ದರೆ ಇಡೀ ಪೆಟ್ಟಿಗೆಯೇ ಕುಣಿಯುತ್ತದೆ. ಜೋಡಿಸಲು ಬರಬೇಕಾದವರು "ನಾಳೆ" ಎನ್ನುತ್ತಲೇ ಬರಲಿಲ್ಲ. ತಂದಿಳಿಸಿದ ಹುಡುಗರು ಪ್ಲಗ್ ಹಾಕಿ ಹೋಗಿದ್ದರು. ಎಂಟು ತಿಂಗಳು ನಮ್ಮ ಮೆಷಿನ್ ಕೈಕಾಲು ಕಟ್ಟಿಸಿಕೊಂಡೇ ಬಟ್ಟೆ ಒಗೆದಿತ್ತು. ಅಮ್ಮ ಹೇಳಿದಳು, "ದೊಡ್ಡ ಮೆಷಿನ್ ಅಲ್ವಾ, ಸದ್ದು ಇರ್ತದೆ ಅಂತ ಗ್ರಹಿಸಿದ್ದೆ."

ಸ್ಪ್ಯಾನರಿನಲ್ಲಿ ನಾಲ್ಕು ಬೋಲ್ಟ್ ಬಿಚ್ಚಿದರು. ಮುಂದೆ ಎಲ್ಲಿಗಾದರೂ ಸಾಗಿಸುವಾಗ ಬೇಕು, ಎತ್ತಿಡಿ ಎಂದರು. ನೀರು ಹರಿದುಹೋಗಲಿ ಎಂದು ಜಗಲಿಯ ನೆಲ ಇಳಿಜಾರಾಗಿತ್ತು, ಅದರ ಮೇಲೆ ಒಂದು ಕಾಲು ತೇಲುತ್ತಿತ್ತು. ಕಾಲು ತಿರುಗಿಸಿ ಸಮ ಮಾಡಿದರು. ಅಷ್ಟಕ್ಕೇ ಸದ್ದು ಅರ್ಧಕ್ಕಿಳಿದಂತಾಯಿತು. ಹಿಂಡುವಾಗ ಅಪ್ಪ ಕರೆದರು, ಕೇಳಿತು. ನಾನು ಹೊಸ ಮೆಷಿನ್ ಕೊಳ್ಳುವ ಲೆಕ್ಕದಲ್ಲಿದ್ದೆ. ಖರ್ಚಾದದ್ದು ಅವರ ಬೈಕಿನ ಪೆಟ್ರೋಲು ಮತ್ತು ಒಂದು ಲೋಟ ಚಹಾ.

ಮಿಕ್ಸಿಯದ್ದೇ ಉಳಿದ ಚಿಂತೆ. ಹಿತ್ತಿಲಲ್ಲಿ ಅಜ್ಜಿಯ ಕಾಲದ ಕಡೆಯುವ ಕಲ್ಲು ಇನ್ನೂ ಇದೆ. ಅಜ್ಜಿ ಅದರಲ್ಲಿ ಕಡೆಯುತ್ತಲೇ ಊರಿನ ಸುದ್ದಿ ಎಲ್ಲ ಮಾತಾಡುತ್ತಿದ್ದದ್ದು ನೆನಪಾಗಿ, "ಆಗ ಎಷ್ಟು ಚಂದ ಇತ್ತಲ್ಲ" ಎಂದುಬಿಟ್ಟೆ. ಅಮ್ಮ ತಿರುಗಿ ನೋಡಿದಳು. "ಚಂದ ಇತ್ತು. ನಿನ್ನ ಅಜ್ಜಿಗೆ ಕೊನೆಗೆ ಭುಜ ಎತ್ತಲಿಕ್ಕೆ ಆಗ್ತಿರಲಿಲ್ಲ. ನಾಳೆಯಿಂದ ನೀನೇ ಕಡಿ." ನಾನು ಬಾಯಿ ಮುಚ್ಚಿದೆ.

ಕೊನೆಗೆ ತಂದದ್ದು ಮೇಜಿನ ಮೇಲೆ ಇಡುವ ಎರಡು ಲೀಟರಿನ ವೆಟ್ ಗ್ರೈಂಡರ್. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರು ಕಡೆಯುವ ಕಲ್ಲಿಗೆ ಮೋಟರು ಹಚ್ಚಿದರಲ್ಲ, ಅದೇ ವಂಶದ ಕೂಸು. ಬ್ರಷ್ ಇಲ್ಲದ ಇಂಡಕ್ಷನ್ ಮೋಟರು, ಕಲ್ಲು ನಿಧಾನ ತಿರುಗುತ್ತದೆ. ಬೆಲ್ಟು, ಕೆಪಾಸಿಟರು ಪೇಟೆಯಲ್ಲೇ ಸಿಗುತ್ತವೆ. ತೊಂದರೆಯೂ ಇದೆ. ಕಾಯಿ ನುಣ್ಣಗಾಗಲು ಹೊತ್ತು ಬೇಕು, ಕಲ್ಲು ಭಾರ, ತೊಳೆಯುವುದು ರಗಳೆ. ಅಮ್ಮನ ಕೈ ನೋಡಿ ಕಲ್ಲು ಸಣ್ಣದಿರುವುದನ್ನೇ ಆರಿಸಿದೆವು. ವೋಲ್ಟೇಜು ಇಳಿದಾಗ ಈ ಮೋಟರು ಗುಂಯ್ ಎನ್ನುತ್ತ ನಿಂತು ಬಿಸಿಯಾಗುತ್ತದೆ, ಹಾಗಾಗಿ ಅದರ ಕೆಲಸ ಬೆಳಗ್ಗೆಯೇ. ಕೊಳ್ಳುವ ಮೊದಲು ಅಂಗಡಿಯಲ್ಲಿ ಓಡಿಸಲು ಹೇಳಿ, ನಾನು ಹಿಂದಿನ ಗೋದಾಮಿನಲ್ಲಿ ನಿಂತು, ಮೆಲ್ಲಗೆ ನನ್ನ ಹೆಸರು ಕರೆಯುವಂತೆ ಅಮ್ಮನಿಗೆ ಹೇಳಿದೆ. ಅಂಗಡಿಯ ಹುಡುಗ ನಮ್ಮನ್ನು ವಿಚಿತ್ರವಾಗಿ ನೋಡಿದ. ನೋಡಲಿ. ನೀವೂ ಹಾಗೆ ಮಾಡಿ.

ಮಿಕ್ಸಿಯನ್ನು ಬಿಸಾಡಿಲ್ಲ. ಚಟ್ನಿಗೆ, ಪುಡಿಗೆ, ಅವಸರಕ್ಕೆ ಅದು ಬೇಕೇ. ಅದರ ಜಾರಿನ ಬುಷ್ ಸವೆದಿತ್ತು, ಬದಲಿಸಿದ ಮೇಲೆ ಕಿರಿಚಾಟ ಸ್ವಲ್ಪ ಇಳಿಯಿತು. ಅಡಿಗೆ ಹಳೇ ರಬ್ಬರ್ ಮ್ಯಾಟ್ ಇಟ್ಟೆವು. ಆದರೂ ಅದು ತಿರುಗುವಾಗ ಅಪ್ಪ ಕೇಳಿಸುವುದಿಲ್ಲ. ಅದಕ್ಕೆ ಉಪಾಯ ಹುಡುಕಿದವಳು ಅಮ್ಮನೇ. ಎಲೆಕ್ಟ್ರಿಶಿಯನ್‌ನನ್ನು ಕರೆಸಿ, ಅಪ್ಪನ ಬಲಗೈಗೆ ಸಿಗುವಲ್ಲಿ ಒಂದು ಸ್ವಿಚ್ಚು, ಅಡುಗೆಮನೆಯ ಗೋಡೆಯಲ್ಲಿ ಮಿಕ್ಸಿಯ ಎದುರಿಗೇ ಒಂದು ಕೆಂಪು ಬಲ್ಬು ಹಾಕಿಸಿದಳು. "ಕರೆಂಟ್ ಹೋದ್ರೆ ಬಲ್ಬ್ ಉರಿಯೂದಿಲ್ವಲ್ಲ ಅಮ್ಮ?" ಎಂದು ನಾನು ಜಾಣತನ ತೋರಿಸಿದೆ.

"ಕರೆಂಟ್ ಹೋದ್ರೆ ಮಿಕ್ಸಿಯೂ ತಿರುಗೂದಿಲ್ಲ. ಆಗ ಕರೆದ್ರೆ ಕೇಳ್ತದೆ."

ಆ ಕಾಲು ಗಂಟೆಯ ಬಗ್ಗೆ ಅಮ್ಮ ಈವರೆಗೆ ನನ್ನ ಹತ್ತಿರ ಮಾತಾಡಿಲ್ಲ. ಆದರೆ ಮೊನ್ನೆ ಹೋದಾಗ ನೋಡಿದೆ. ಮಿಕ್ಸಿ ತಿರುಗಿಸುವಾಗ ಅವಳ ಕಣ್ಣು ಜಾರಿನ ಮೇಲಿರುವುದಿಲ್ಲ, ಗೋಡೆಯ ಮೇಲಿರುತ್ತದೆ. ಅಪ್ಪ ಕೆಲವು ಸಲ ಸುಮ್ಮನೆ ಸ್ವಿಚ್ ಒತ್ತುತ್ತಾರೆ. ಅವಳು ಓಡಿಹೋಗಿ "ಎಂತ ಬೇಕು?" ಎಂದರೆ, "ಎಂತ ಇಲ್ಲ, ಉರೀತದಾ ನೋಡಿದ್ದು" ಎನ್ನುತ್ತಾರೆ. ಅವಳು ಬೈಯುತ್ತ ಹಿಂದೆ ಬರುತ್ತಾಳೆ. ಬೈಗುಳ ಇಡೀ ಮನೆಗೆ ಕೇಳುತ್ತದೆ.