ಕರೆಂಟು ಹೋದರೆ ಓದಿಲ್ಲ

ಓದುವುದಕ್ಕೆ ನಿಶ್ಶಬ್ದ ಬೇಕು ಅಂತ ಮೊದಲು ಹೇಳಿದವರು ಯಾರೋ ಗೊತ್ತಿಲ್ಲ, ದೊಡ್ಡಬಳ್ಳಾಪುರದವರಂತೂ ಅಲ್ಲ. ನಮ್ಮ ಬೀದಿಯಲ್ಲಿ ಮನೆ ಎಂದರೆ ಮುಂದಿನ ಅರ್ಧ ಮಗ್ಗಕ್ಕೆ, ಹಿಂದಿನ ಅರ್ಧ ಮನುಷ್ಯರಿಗೆ. ಬೆಳಗಿನ ಕಾಫಿಗೂ ಮೊದಲೇ ಹಿಡಿದ ಟಕಟಕ ರಾತ್ರಿ ಊಟ ಮುಗಿದು ತಟ್ಟೆ ತೊಳೆದಿಟ್ಟ ಮೇಲೂ ಬಿಡುವುದಿಲ್ಲ. ಊರಿಂದ ಬಂದ ನೆಂಟರು ಮೊದಲ ರಾತ್ರಿ ಕಿವಿಗೆ ಹತ್ತಿ ಕೇಳುತ್ತಾರೆ. ನಮಗೆ ಎಚ್ಚರವಾಗುವುದು ಸದ್ದು ನಿಂತಾಗ.

ನಿಂತಿತು ಎಂದರೆ ಕರೆಂಟು ಹೋಯಿತು ಎಂದೇ ಲೆಕ್ಕ. ಆಮೇಲೆ ಓದು ಸಾಗುವುದು ಸುಳ್ಳು. ಬೀದಿಗೆ ಬೀದಿಯೇ ಜಗಲಿಗೆ ಬರುತ್ತದೆ. ರೇಷ್ಮೆಯ ರೇಟು, ಮಾರವಾಡಿ ಸೀರೆಗೆ ಹಿಡಿದ ದರ, ಯಾರ ಮನೆ ಹುಡುಗ ಮಗ್ಗ ಮಾರಿ ಅಪೆರೆಲ್ ಪಾರ್ಕಿನ ಕೆಲಸಕ್ಕೆ ಸೇರಿದ, ಥಿಯೇಟರಿಗೆ ಬಂದಿರುವ ತೆಲುಗು ಸಿನಿಮಾ ಹೇಗಿದೆ, ಎಲ್ಲ ಒಂದೇ ಸುತ್ತಿನಲ್ಲಿ ಆಗಬೇಕು. ಕೊನೆಗೆ ನನ್ನ ಸರದಿ. ‘ಏನಪ್ಪಾ, ನಿಂದು ಎಂಎ ಎಲ್ಲಿಗೆ ಬಂತು?’ ಮೊನ್ನೆಯೂ ಇದೇ ಕೇಳಿದ್ದರು, ನಾಳೆಯೂ ಕೇಳುತ್ತಾರೆ. ಎಷ್ಟನೇ ಮೀಟರಿಗೆ ಬಂತು ಎಂದು ಸೀರೆಯನ್ನು ವಿಚಾರಿಸುವ ಧಾಟಿಯೇ ಅದು. ಕರೆಂಟು ಬಂದೊಡನೆ ಮಾತನ್ನು ಅರ್ಧಕ್ಕೇ ಬಿಟ್ಟು ಎಲ್ಲರೂ ಒಳಗೋಡುತ್ತಾರೆ, ನಾನೂ ಪುಸ್ತಕ ತೆಗೆಯುತ್ತೇನೆ.

ನನ್ನ ಓದಿನ ಜಾಗ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಮಿಷನ್ನಿನ ಪಕ್ಕ. ಅಮ್ಮ ಅಡುಗೆಮನೆಯಲ್ಲಿದ್ದಾಗ ಅದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ. ಎಳೆ ಹರಿದರೆ ಗಂಟು ಹಾಕಬೇಕು, ತುಂಬಿದ ಕಂಡಿಕೆ ತೆಗೆದು ಖಾಲಿಯದನ್ನು ಸಿಕ್ಕಿಸಬೇಕು. ಇದರಿಂದ ಸಾಹಿತ್ಯ ಪ್ರಕಾರಗಳ ಬಗ್ಗೆ ನನಗೊಂದು ಸ್ವಂತ ಸಿದ್ಧಾಂತ ಹುಟ್ಟಿದೆ. ಒಂದು ಕಂಡಿಕೆ ತುಂಬುವಷ್ಟರಲ್ಲಿ ಒಂದು ವಚನ ಧಾರಾಳವಾಗಿ ಮುಗಿಯುತ್ತದೆ, ಇನ್ನೊಮ್ಮೆ ಓದಲೂ ಪುರುಸೊತ್ತು ಉಳಿಯುತ್ತದೆ. ಸಣ್ಣಕತೆಯನ್ನು ಹೇಗೋ ನಿಭಾಯಿಸಬಹುದು. ವಿಮರ್ಶೆ ಮಾತ್ರ ಆಗಿಬರುವುದಿಲ್ಲ, ವಾಕ್ಯ ಮುಗಿಯುವುದರೊಳಗೆ ಎಳೆ ಹರಿದಿರುತ್ತದೆ. ಎಲ್ಲಿಗೆ ನಿಲ್ಲಿಸಿದೆ ಎಂಬ ಗುರುತಿಗೆ ಜಕಾರ್ಡಿನ ಹಳೇ ರಟ್ಟಿನ ಪಟ್ಟಿ ಇಡುತ್ತೇನೆ. ಉದ್ದಕ್ಕೆ ಸಾಲಾಗಿ ತೂತು ಬಿದ್ದ ರಟ್ಟು. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ, ಅಂಚಿನಲ್ಲಿ ನವಿಲು ಮೂಡುವುದು ಇಷ್ಟರಿಂದಲೇ. ಸೀರೆಯ ಡಿಸೈನು ಕಂಪ್ಯೂಟರಿಗೆ ಹೋದಮೇಲೆ ಈ ರಟ್ಟುಗಳು ಅಟ್ಟ ಸೇರಿದವು. ತಮಾಷೆಯೆಂದರೆ, 1804ರ ಸುಮಾರಿಗೆ ಫ್ರಾನ್ಸಿನ ಲಿಯಾನಿನಲ್ಲಿ ಜಕಾರ್ಡ್ ಎಂಬಾತ ಮಾಡಿದ ಇದೇ ತೂತು ರಟ್ಟಿನ ಉಪಾಯವನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ, ಅಂದರೆ ಕಂಪ್ಯೂಟರಿನ ಮುತ್ತಜ್ಜನಿಗೆ, ಎರವಲು ತೆಗೆದುಕೊಂಡದ್ದು. ಮಗ್ಗದಿಂದ ಹೋದದ್ದು ಮಗ್ಗಕ್ಕೇ ಬಂದು ರಟ್ಟನ್ನು ಓಡಿಸಿತು. ನನಗಂತೂ ಲಾಭವಾಯಿತು, ಇನ್ನು ಏಳು ಜನ್ಮಕ್ಕಾಗುವಷ್ಟು ಪಟ್ಟಿ ಅಟ್ಟದ ಮೇಲಿದೆ.

ವಿಶ್ವವಿದ್ಯಾಲಯ ಇರುವುದು ಬೆಂಗಳೂರಿನ ಆ ತುದಿಗೆ, ಜ್ಞಾನಭಾರತಿಯಲ್ಲಿ. ಹಿಂದೂಪುರದ ಕಡೆಯಿಂದ ಬರುವ ಪ್ಯಾಸೆಂಜರು ಹಿಡಿದು ರಾಜಾನುಕುಂಟೆ, ಯಲಹಂಕ ದಾಟಿ, ಆಮೇಲೆ ಮೆಟ್ರೋ. ರೈಲಿನಲ್ಲಿ ಸೀಟು ಸಿಗುವುದು ಪೂರ್ವಜನ್ಮದ ಪುಣ್ಯ, ಆದರೆ ಬಾಗಿಲ ಬಳಿ ಒರಗಿ ನಿಂತರೂ ಓದಬಹುದು. ಹಳಿಯ ಸದ್ದು ಮನೆಯ ಸದ್ದಿಗೆ ದೂರದ ನೆಂಟ. ಮೆಟ್ರೋ ಹಾಗಲ್ಲ. ತಣ್ಣಗೆ, ಮೆತ್ತಗೆ ಹೋಗುತ್ತದೆ, ನನಗೆ ಅಕ್ಷರ ಹತ್ತುವುದಿಲ್ಲ, ಉಳಿದವರ ಹಾಗೆ ಫೋನಿನಲ್ಲಿ ರೀಲ್ಸ್ ನೋಡುತ್ತೇನೆ. ಕಬ್ಬನ್ ಪಾರ್ಕಿನೊಳಗಿನ ಕೆಂಪು ಕಟ್ಟಡದಲ್ಲಿ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯದಲ್ಲಿ ಕೂತು ನೋಟ್ಸು ಮಾಡಿಕೊಳ್ಳೋಣವೆಂದು ಹೋದರೂ ಇದೇ ಪಾಡು. ಫ್ಯಾನು ತಿರುಗುವುದು, ಯಾರೋ ಕೆಮ್ಮುವುದು, ಅಷ್ಟೇ. ಅಂಥ ಸೊಗಸಾದ ನಿದ್ದೆ ನನಗೆ ಮನೆಯಲ್ಲಿ ಬಂದದ್ದಿಲ್ಲ.

ಹೀಗೆ ಸದ್ದಿನ ನಡುವಿನಿಂದ ಎದ್ದು ಜ್ಞಾನಭಾರತಿಗೆ ಹೋದವರಲ್ಲಿ ನಾನು ಮೊದಲಿಗನಲ್ಲ. ವಿಮರ್ಶಕ ಡಿ.ಆರ್. ನಾಗರಾಜ್ 1954ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ, ನೇಕಾರರ ಮನೆಯಲ್ಲಿ. ಹೆಸರಿನ ಮೊದಲಕ್ಷರವೇ ದೊಡ್ಡಬಳ್ಳಾಪುರ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದರು, ಚಿಕಾಗೋದಲ್ಲೂ ಪಾಠ ಹೇಳಿದರು, 1998ರಲ್ಲಿ, ಇನ್ನೂ ನಲವತ್ತನಾಲ್ಕರಲ್ಲೇ ಹೋಗಿಬಿಟ್ಟರು. ‘ಸಾಹಿತ್ಯ ಕಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ತೆಗೆದುಕೊಳ್ಳಲು ಅವರಿರಲಿಲ್ಲ. ಅಲ್ಲಮನ ಮೇಲಿನ ಅವರ ಪುಸ್ತಕವನ್ನು ನಾನು ಓದುತ್ತಿರುವುದು ಹೆಮ್ಮೆಯಿಂದ, ಅರ್ಥವಾಗುತ್ತಿರುವುದು ನಿಧಾನವಾಗಿ. ಒಂದು ಪುಟಕ್ಕೆ ಮೂರು ನಾಲ್ಕು ಕಂಡಿಕೆ ಹಿಡಿಯುತ್ತದೆ. ಪಕ್ಕದ ಮನೆಯ ಮಾವ ರಕ್ಷಾಪುಟ ನೋಡಿ, ‘ನಮ್ಮೂರೋರು ಬರ್ದಿರೋದು ನಮಗೇ ಅರ್ಥ ಆಗಲ್ಲ ಅಂದ್ರೆ ಹೆಂಗಯ್ಯ?’ ಅಂದರು. ನಮ್ಮೂರವರು ಬರೆದದ್ದೆಂದು ರಿಯಾಯಿತಿ ಕೇಳುವುದು ಸರಿಯಲ್ಲ. ಆದರೆ ಪರೀಕ್ಷೆ ಹತ್ತಿರ ಬಂದಾಗ ನನಗೂ ಹಾಗೇ ಅನ್ನಿಸುತ್ತದೆ.

ಅರ್ಥದ ವಿಷಯದಲ್ಲಿ ಮಾವನ ಅಳತೆ ಬೇರೆ. ಅವರು ಕುರುಕ್ಷೇತ್ರ ನಾಟಕದ ದುರ್ಯೋಧನ. ಬೆಂಗಳೂರು ಗ್ರಾಮಾಂತರದಲ್ಲಿ ಜಾತ್ರೆ, ಹಬ್ಬ ಏನೇ ಇರಲಿ, ರಾತ್ರಿಯಿಡೀ ಒಂದು ಪೌರಾಣಿಕ ನಾಟಕ ಆಗಲೇಬೇಕು. ಸೀನರಿ ಬಾಡಿಗೆಗೆ ಬರುತ್ತದೆ, ದ್ರೌಪದಿ ಸಂಭಾವನೆಗೆ ಬರುತ್ತಾಳೆ. ಉಳಿದ ಪಾತ್ರಧಾರಿಗಳು ಮಾತ್ರ ಕೈಯಿಂದಲೇ ದುಡ್ಡು ಹಾಕಿ ಬಣ್ಣ ಹಚ್ಚಬೇಕು. ಕೃಷ್ಣ ಎಲ್ಲರಿಗಿಂತ ದುಬಾರಿ, ದುರ್ಯೋಧನನೂ ಕಮ್ಮಿಯಿಲ್ಲ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರು ಸಂಜೆ ಬಂದು ಪದ್ಯ ಹೇಳಿಕೊಡುತ್ತಾರೆ. ಮಾವನಿಗೆ ಓದು ಅಷ್ಟಕ್ಕಷ್ಟೆ. ಒಂದೊಂದು ಕಂದವನ್ನೂ ಕಿವಿಯಲ್ಲೇ ಹಿಡಿದು, ಹಗಲೆಲ್ಲ ಲಾಳಿಯ ಲಯಕ್ಕೆ ಕೂಡಿಸಿಕೊಂಡು ಗುನುಗುತ್ತಾರೆ. ಬೆಳಗಿನ ಜಾವ ಕಿರೀಟದ ಬೆವರು ಬಣ್ಣದ ಮೇಲೆ ಇಳಿಯುತ್ತಿರುವಾಗ ಅವರು ಆಲಾಪ ಎತ್ತಿದರೆಂದರೆ, ಗೋಣಿತಾಟಿನ ಮೇಲೆ ತೂಕಡಿಸುತ್ತಿದ್ದವರೂ ಎದ್ದು ಕೂತು ‘ಒನ್ಸ್ ಮೋರ್’ ಕೂಗುತ್ತಾರೆ. ಆಗ ಯುದ್ಧ ನಿಲ್ಲುತ್ತದೆ. ಯಾರೋ ನೋಟಿನ ಹಾರ ಹಿಡಿದು ಹತ್ತುತ್ತಾರೆ. ಭೀಮ ಗದೆ ಊರಿಕೊಂಡು ತಾಳ್ಮೆಯಿಂದ ಕಾಯುತ್ತಾನೆ.

ಹೋದ ಸಲ ನಾಟಕವಾದ ವಾರವೇ ತರಗತಿಯಲ್ಲಿ ನಮಗೆ ರನ್ನನ ‘ಗದಾಯುದ್ಧ’. ಸಾವಿರ ವರ್ಷದ ಹಿಂದಿನ ಕಾವ್ಯ. ಭೀಮನನ್ನು ನಾಯಕನಾಗಿಟ್ಟು ಬರೆದರೂ ಓದಿದವರ ಮನಸ್ಸು ದುರ್ಯೋಧನನ ಕಡೆಗೇ ವಾಲುತ್ತದಲ್ಲ, ಏಕೆ ಎಂಬುದು ಹತ್ತು ಅಂಕದ ಪ್ರಶ್ನೆ. ಪದಕ್ಕೆ ಪದ ಬಿಡಿಸಿ, ಸಂಧಿ ಸಮಾಸ ಗುರುತು ಹಾಕಿ, ಉತ್ತರಕ್ಕೆ ನಾಲ್ಕು ಅಂಶ ಬರೆದುಕೊಂಡೆ. ರೈಲಿನಲ್ಲಿ ಅದನ್ನು ತಿರುಗಿ ಓದುವಾಗ ಹಳೆಗನ್ನಡ ನನ್ನ ತಲೆಯೊಳಗೆ ಬಂದದ್ದು ಮಾವನ ಗಂಟಲಿನಲ್ಲಿ, ಹಾರ್ಮೋನಿಯಂ ಸಮೇತ. ಐದನೇ ಅಂಶ ಅಲ್ಲಿತ್ತು. ಅದನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಬರುತ್ತದೆಯೋ ಇಲ್ಲವೋ, ನಾನೇನೂ ಪಣ ಕಟ್ಟಲಾರೆ.

ಪದ್ಯವನ್ನು ಕಿವಿಯಲ್ಲಿ ಓದುವ ಜನ ನಾವೊಬ್ಬರೇ ಏನಲ್ಲ. ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ನಿಸಾರ್ ಅಹಮದ್ ಕಾಲೇಜಿನಲ್ಲಿ ಕಲಿಸುತ್ತಿದ್ದುದು ಭೂವಿಜ್ಞಾನ, ಕಲ್ಲು ಮಣ್ಣಿನ ಶಾಸ್ತ್ರ. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಕವನಸಂಕಲನ ಕೊಳ್ಳುವ ಅಭ್ಯಾಸವಿಲ್ಲದ ಮನೆಗೂ ಅದು ನುಗ್ಗಿತು. ನಮ್ಮ ಮನೆಯಲ್ಲೂ ಒಂದಿತ್ತು. ಟೇಪು ಹಿಗ್ಗಿ ಎಳೆದೆಳೆದು ಹಾಡುತ್ತಿದ್ದ ಆ ಕ್ಯಾಸೆಟ್ಟನ್ನು ಅಪ್ಪ ಮಗ್ಗದ ಸದ್ದಿನ ಮೇಲೆ ಕೇಳಿಸಬೇಕೆಂದು ಪೂರ್ತಿ ಜೋರಿಗೆ ಇಡುತ್ತಿದ್ದರು. ಇಂದಿಗೂ ಆ ಹಾಡುಗಳನ್ನು ಯಾರಾದರೂ ಮೆತ್ತಗೆ ಹಾಡಿದರೆ, ಎಲ್ಲೋ ತಪ್ಪು ಹಾಡುತ್ತಿದ್ದಾರೆ ಎನ್ನಿಸುತ್ತದೆ.

ಈ ಸಲದ ನಾಟಕಕ್ಕೆ ಪಾತ್ರ ಹಂಚುವ ಮಾತು ಶುರುವಾಗಿದೆ. ನಿನ್ನೆ ಕರೆಂಟು ಹೋದಾಗ ಮಾವ ಜಗಲಿಯಲ್ಲೇ ವಿಷಯ ಎತ್ತಿದರು. ‘ಕನ್ನಡ ಎಂಎ ಅಂತೀಯ, ಒಂದು ಪಾತ್ರ ತಗೊಳಯ್ಯ. ಅರ್ಧ ದುಡ್ಡು ನಾನು ಹಾಕ್ತೀನಿ.’ ಕರ್ಣ ಆಗುತ್ತೀನಿ ಅಂದೆ. ಕರ್ಣನ ರೇಟು ಕೇಳಿ ಅಮ್ಮ ಒಳಗಿಂದಲೇ ಬೇಡ ಅಂದಳು. ಅಭಿಮನ್ಯುವಿಗೆ ಆಗಲೇ ಒಬ್ಬ ಮೆಂಬರು ತನ್ನ ಮಗನ ಹೆಸರು ಬರೆಸಿದ್ದಾನಂತೆ. ಉಳಿದವನು ವಿದುರ. ಬಿಲ್ಲಿಲ್ಲ, ಗದೆಯಿಲ್ಲ, ಎರಡೇ ಪದ್ಯ, ರೇಟೂ ಕಮ್ಮಿ, ಅವನು ಹೇಳಿದ್ದನ್ನು ಯಾರೂ ಕೇಳುವುದಿಲ್ಲ. ನನ್ನ ಓದಿಗೆ ಸರಿಯಾಗಿದೆ ಎಂದು ಬೀದಿ ಒಪ್ಪಿತು. ಮೇಷ್ಟ್ರದ್ದು ಮಾತ್ರ ಒಂದು ಷರತ್ತು: ಪುಸ್ತಕ ನೋಡಿಕೊಂಡು ಕಲಿಯುವ ಹಾಗಿಲ್ಲ.