ಎಂಜಿನ್ನಿನ ಹಲ್ಲು

ದನದ ಜಾತ್ರೆಗೆ ಹೋದ ರೈತ ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಹಳೆಯ ಕಾರಿನ ಎಂಜಿನ್ ಕೊಳ್ಳುವುದಕ್ಕೂ ಸುಮಾರಾಗಿ ಇಷ್ಟೇ ವಿದ್ಯೆ ಬೇಕು. ವ್ಯತ್ಯಾಸವೆಂದರೆ, ಎತ್ತು ಕೊಂಡು ತಂದವನನ್ನು ಮನೆಯಲ್ಲಿ ಯಾರೂ ‘ಇದು ಯಾತಕ್ಕೆ?’ ಎಂದು ಕೇಳುವುದಿಲ್ಲ.

ನಾನು ಕೊಳ್ಳಬೇಕೆಂದಿದ್ದುದು ಕಾರನ್ನಲ್ಲ, ಬರಿಯ ಎಂಜಿನ್ನನ್ನು. ಅದನ್ನು ಕೊನೆಯ ತಿರುಪಿನವರೆಗೆ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಕೂಡಿಸಿ, ಹಿತ್ತಿಲಲ್ಲಿ ಹಿಂದೆ ನೀರೊಲೆಯಿದ್ದ ಜಾಗದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಓಡಿಸಬೇಕು. ಅದು ಎಲ್ಲಿಗೂ ಹೋಗಬೇಕಾಗಿಲ್ಲ, ನಿಂತಲ್ಲೇ ಓಡಿದರೆ ಸಾಕು. ‘ಎಲ್ಲಿಗೂ ಹೋಗದ ಎಂಜಿನ್ನು! ನಿಮಗೆ ಸರಿಯಾದ ಜೋಡಿ’ ಎಂದಳು ನನ್ನಾಕೆ. ಅದನ್ನು ಒಪ್ಪಿಗೆಯೆಂದೇ ತಿಳಿದುಕೊಂಡೆ.

ಆದರೆ ಯಾವ ಎಂಜಿನ್ನು? ಲಾಲ್‌ಬಾಗಿನ ವಾಯುಸಂಚಾರದ ಗೆಳೆಯರಲ್ಲಿ ಈ ಮಾತೆತ್ತಿದ್ದೇ ತಡ, ಸಲಹೆಗಳ ಸುರಿಮಳೆಯಾಯಿತು. ಜೀಪಿನದು ಗಟ್ಟಿ ಎಂದರು ಒಬ್ಬರು. ಸ್ಟ್ಯಾಂಡರ್ಡ್ ಹೆರಾಲ್ಡಿನದು 948 ಸಿ.ಸಿ., ಪುಟ್ಟದು, ಒಬ್ಬರೇ ಎತ್ತಬಹುದು ಎಂದರು ಇನ್ನೊಬ್ಬರು. (ಅವರು ಎಂದೂ ಎತ್ತಿದವರಲ್ಲ.) ನನ್ನ ಮನಸ್ಸು ಮಾತ್ರ ಮೊದಲಿನಿಂದಲೂ ಫಿಯಟ್ಟಿನ ಕಡೆಗೇ ವಾಲಿತ್ತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಕಾರಿಗೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ನಾಮಕರಣವಾದರೂ ಜನ ಅದನ್ನು ಫಿಯಟ್ ಎಂದೇ ಕರೆದರು. 1089 ಸಿ.ಸಿ., ನಾಲ್ಕು ಸಿಲಿಂಡರು, ಅಲ್ಯೂಮಿನಿಯಂ ಹೆಡ್ಡು. ಮುಂಬಯಿಯ ಟ್ಯಾಕ್ಸಿಗಳಾಗಿ ದುಡಿದ ಪದ್ಮಿನಿಗಳು ಕೊನೆಗೆ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದಾಗ ನಾನು ಆ ಸುದ್ದಿಯನ್ನು ಎರಡು ಸಲ ಓದಿದೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಡಾಕ್ಟರಲ್ಲಿ ಒಂದು ಫಿಯಟ್ ಇತ್ತು. ನಡುರಾತ್ರಿ ಅದು ಹೊರಟ ಸದ್ದು ಕೇಳಿಸಿದರೆ ನನ್ನ ತಾಯಿ ಎದ್ದು ಕುಳಿತು, ‘ಯಾರಿಗೆ ಏನಾಯಿತೋ’ ಎಂದು ದೇವರ ಮನೆಯ ಕಡೆಗೆ ಕೈ ಮುಗಿಯುತ್ತಿದ್ದಳು. ಆ ಸದ್ದನ್ನು ನನ್ನ ಹಿತ್ತಿಲಲ್ಲಿ ಇನ್ನೊಮ್ಮೆ ಕೇಳಬೇಕೆಂಬುದೇ ಈ ಹುಚ್ಚಿನ ಬೇರು.

ನನ್ನ ಜೊತೆಗೆ ಬರಲು ಒಪ್ಪಿದವರು ಒಬ್ಬ ಮೇಸ್ತ್ರಿ. ವಯಸ್ಸು ಎಪ್ಪತ್ತಾರು. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಐವತ್ತು ವರ್ಷ ಷೆಡ್ಡು ನಡೆಸಿದವರು. ಮಗ ಕಂಪ್ಯೂಟರಿನ ಕೆಲಸಕ್ಕೆ ಹೋದ, ಷೆಡ್ಡು ಇದ್ದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಕೆಲಸ ನಾನು ಮಾಡಬೇಕು, ಅವರು ಸ್ಟೂಲಿನ ಮೇಲೆ ಕುಳಿತು ಹೇಳಿಕೊಡಬೇಕು ಎಂದು ನಮ್ಮಲ್ಲಿ ಒಪ್ಪಂದ.

ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ಎರಡು ಎಂಜಿನ್‌ಗಳಿದ್ದವು. ಒಂದು ಫಿಯಟ್, ಒಂದು ಅಂಬಾಸಿಡರ್. ಮೇಸ್ತ್ರಿ ಮೊದಲು ಫಿಯಟ್ಟಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತರು. ಎಣ್ಣೆ ತುಂಬುವ ಮುಚ್ಚಳ ತೆಗೆದು ಮೂಸಿದರು, ಒಳಗೆ ಬೆರಳು ಸವರಿ ನೋಡಿದರು. ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ಅರ್ಥ. ಇದರಲ್ಲಿ ಹಾಗಿರಲಿಲ್ಲ. ನೀರಿನ ದಾರಿಯಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದೆಯೋ ಎಂದು ಟಾರ್ಚು ಬಿಟ್ಟು ನೋಡಿದರು. ಅಲ್ಯೂಮಿನಿಯಂ ಹೆಡ್ಡಿಗೆ ಕಾವು ಹೆಚ್ಚಾದರೆ ಅದು ಡೊಂಕಾಗುತ್ತದೆ, ನೀರು ಕೆಟ್ಟದ್ದಾದರೆ ತೂತಿನ ಅಂಚು ಹಿಟ್ಟಿನ ಹಾಗೆ ಉದುರುತ್ತದೆ. ಆಮೇಲೆ ಮುಂದಿನ ಪುಲ್ಲಿಯನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದರು. ಕ್ರ್ಯಾಂಕು ಲೊಡಲೊಡ ಎನ್ನಲಿಲ್ಲ. ಕೊನೆಗೆ ಸ್ಪ್ಯಾನರು ಹಾಕಿ ಎರಡು ಸುತ್ತು ತಿರುಗಿಸಿದರು. ಎರಡು ಸುತ್ತಿಗೆ ನಾಲ್ಕು ಸಲ ಬಿಗಿ ಬರಬೇಕು, ನಾಲ್ಕೂ ಒಂದೇ ಸಮನಾಗಿರಬೇಕು. ‘ನೀವೂ ತಿರುಗಿಸಿ ನೋಡಿ’ ಎಂದರು. ತಿರುಗಿಸಿದೆ. ನಾಲ್ಕು ಸಲವೂ ಅಂಗೈಗೆ ಎದುರೊತ್ತಿ ಉಸಿರು ಬಿಟ್ಟಂತಾಯಿತು.

ಅಂಬಾಸಿಡರಿನದು ಬೇರೆಯ ಕಥೆ. ಹೆಡ್ಡು ಕಳಚಿ ಪಕ್ಕದಲ್ಲಿ ಬಿದ್ದಿತ್ತು, ಸಿಲಿಂಡರುಗಳ ಮೇಲೆ ಗೋಣಿ ಮುಚ್ಚಿತ್ತು. ಮೇಸ್ತ್ರಿ ಪಿಸ್ಟನ್ನಿನ ನೆತ್ತಿಯ ಮಸಿಯನ್ನು ಉಗುರಿನಿಂದ ಕೆರೆದು, ‘ಇಲ್ಲಿ ನೋಡಿ ಸಾರ್, ಇದರ ಹಲ್ಲು’ ಎಂದರು. 030 ಎಂಬ ಗುರುತು ಕಾಣಿಸಿತು. ಸಿಲಿಂಡರು ಸವೆದಾಗಲೆಲ್ಲ ಅದನ್ನು ಕೊರೆದು ಅಗಲಿಸಿ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 20, 30, 40 ಪಾಲು ಹೀಗೆ ಏರುತ್ತದೆ. ಅದಾದ ಮೇಲೆ ಒಳಗೆ ಹೊಸ ಲೈನರ್ ಕೂರಿಸಬೇಕು. ‘ಇನ್ನೊಂದು ಸಲಕ್ಕೆ ಜಾಗ ಐತೆ’ ಎಂದರು ಮೇಸ್ತ್ರಿ. ಎಂಜಿನ್ ಅಲುಗಾಡಲೇ ಇಲ್ಲ. ಡೀಸೆಲ್ ಕುಡಿಸಿ, ಅರ್ಧ ಗಂಟೆ ಕಾದು, ಉದ್ದನೆಯ ಹಿಡಿ ಹಾಕಿ ಇಬ್ಬರು ಒತ್ತಿದ ಮೇಲೆ ಒಂದು ಅಂಗುಲ ಸರಿಯಿತು.

ಈ 1489 ಸಿ.ಸಿ. ಎಂಜಿನ್ ಇಂಗ್ಲೆಂಡಿನದು. ಅಲ್ಲಿ 1955ರಲ್ಲಿ ಬಂದ ಎಂ.ಜಿ.ಎ. ಎಂಬ ಚೆಲುವಾದ ಸ್ಪೋರ್ಟ್ಸ್ ಕಾರಿಗೂ ಇದರ ಒಡಹುಟ್ಟನ್ನೇ ಕೂರಿಸಿದ್ದರು. ಅಲ್ಲಿ ತರುಣರನ್ನು ಹೊತ್ತು ಹಾರಿದ್ದು ಇಲ್ಲಿ ಮಂತ್ರಿಗಳನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತು ಗಂಭೀರವಾಗಿ ನಡೆಯಿತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿತು. ಬ್ಲಾಕೂ ಹೆಡ್ಡೂ ಎರಡೂ ಬೀಡುಕಬ್ಬಿಣ. ನಾಲ್ಕು ಜನ ಹೊರುವ ಭಾರ.

‘ಸರಕು ನೋಡಿದರೆ ಫಿಯಟ್ಟೇ ತಗೊಳ್ಳಿ ಸಾರ್’ ಎಂದರು ಮೇಸ್ತ್ರಿ. ಒಂದು ಗಳಿಗೆ ಸುಮ್ಮನಿದ್ದು, ‘ಆದರೆ ನನಗೆ ಫಿಯಟ್ ಅಷ್ಟು ಕೈ ಹತ್ತಲಿಲ್ಲ. ನಮ್ಮ ಷೆಡ್ಡಿಗೆ ಬಂದದ್ದೆಲ್ಲ ಅಂಬಾಸಿಡರು. ಕಣ್ಣು ಮುಚ್ಕೊಂಡು ಮಾಡ್ತಿದ್ದೆ. ಈಗ ಕಣ್ಣೇ ಮುಚ್ಕೊಳ್ತಾ ಬಂದಿದೆ’ ಎಂದು ನಕ್ಕರು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ.

ನಾನು ಫಿಯಟ್ಟಿನ ಪುಲ್ಲಿಯ ಮೇಲೆ ಕೈಯಿಟ್ಟುಕೊಂಡು ನಿಂತೆ. ಬಿಡಿಭಾಗಗಳನ್ನು ಹುಡುಕಿದರೆ ಎಲ್ಲಿಯಾದರೂ ಸಿಕ್ಕಾವು, ಹಳೆಯ ಕೈಪಿಡಿಯನ್ನೂ ತರಿಸಿಕೊಳ್ಳಬಹುದು. ಬಿಗಿ ಎಷ್ಟು, ಸಂದು ಎಷ್ಟು ಎಂಬುದೆಲ್ಲ ಅಲ್ಲಿ ಅಂಕಿಯಲ್ಲಿರುತ್ತದೆ. ಆದರೆ ಕ್ರ್ಯಾಂಕಿಗೆ ಬೇರಿಂಗು ಕೂರಿಸಿ ಬೋಲ್ಟು ಬಿಗಿದಾಗ ಅದು ಕೈಗೆ ಎಷ್ಟು ಭಾರವಾಗಿ ತಿರುಗಿದರೆ ಸರಿ ಎಂಬುದನ್ನು ಈ ಮನುಷ್ಯ ನನ್ನ ಕೈ ಹಿಡಿದು ತೋರಿಸಬಲ್ಲರು. ಅದೂ ಒಂದೇ ಜಾತಿಯ ಎಂಜಿನ್ನಿನಲ್ಲಿ. ಗುಜರಿಯಲ್ಲಿ ಫಿಯಟ್ ಇನ್ನೊಂದು ಸಿಕ್ಕೀತು.

‘ಅಂಬಾಸಿಡರಿಗೆ ಎಷ್ಟು?’ ಎಂದು ಕೇಳಿದೆ.

ಅಂಗಡಿಯವನಿಗೆ ಆಶ್ಚರ್ಯವಾಯಿತು. ‘ತೂಕಕ್ಕೆ ಒಂದು ರೇಟು ಸಾರ್, ಎಂಜಿನ್ ಅಂತ ಒಂದು ರೇಟು’ ಎಂದ. ಸೋಮವಾರ ಅದು ಕುಲುಮೆಗೆ ಹೋಗಬೇಕಿತ್ತಂತೆ. ಮೇಸ್ತ್ರಿ ಟವೆಲಿಲ್ಲದೆಯೇ ವ್ಯಾಪಾರ ಕುದುರಿಸಿದರು. ಬ್ಲಾಕಿನ ನಂಬರನ್ನು ಕಾಗದದೊಡನೆ ತಾಳೆ ನೋಡಿ, ರಸೀದಿ ಬರೆಸಿಕೊಂಡು, ಹೆಡ್ಡು, ಕಾರ್ಬ್ಯುರೇಟರು, ಚೀಲದ ತುಂಬ ನಟ್ಟು ಬೋಲ್ಟುಗಳನ್ನು ಸೇರಿಸಿ ಗೂಡ್ಸ್ ಆಟೋಗೆ ಏರಿಸಿದೆವು. ಫಿಯಟ್ಟಿನ ಕಡೆಗೆ ನಾನು ತಿರುಗಿ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

‘ನಾಳೆ ಹತ್ತು ಗಂಟೆಗೆ ಬರ್ತೀನಿ. ಎರಡು ಲೀಟರ್ ಡೀಸೆಲ್, ಹಳೇ ಬನಿಯನ್ನು ನಾಲ್ಕು, ಒಂದು ದಪ್ಪ ರಟ್ಟು ಇಟ್ಟಿರಿ’ ಎಂದರು ಮೇಸ್ತ್ರಿ. ‘ರಟ್ಟಿಗೆ ಎಂಟು ತೂತು ಮಾಡಿ ನಂಬರು ಬರೆದಿಡಿ. ಪುಷ್‌ರಾಡ್ ಎಂಟು. ಯಾವುದು ಎಲ್ಲಿ ಸವೆದಿದೆಯೋ ಅಲ್ಲಿಗೇ ಹೋಗಬೇಕು.’

ರಾತ್ರಿ ನನ್ನಾಕೆ ಬೀರುವಿನ ಮೇಲಿನಿಂದ ಯಾರದೋ ಮದುವೆಯ ಕರೆಯೋಲೆಯ ಗಟ್ಟಿ ಡಬ್ಬಿಯೊಂದನ್ನು ತೆಗೆದುಕೊಟ್ಟಳು. ನಾನು ಕತ್ತರಿಯ ತುದಿಯಿಂದ ತೂತು ಕೊರೆದೆ, ಅವಳು ಕುಂಕುಮದ ಬಣ್ಣದ ಪೆನ್ನಿನಿಂದ 1ರಿಂದ 8ರವರೆಗೆ ಬರೆದಳು.